ಸೀಟಿಗೆ ತಿರುಗದ ತಲೆ

"ಲೇ, ನಿನ್ನ ಮಗಳ ಕಿವಿಗೆ ಸಗಣಿ ಮೆತ್ತಿದೀಯೇನೇ? ಮೂರು ಸಲ ಊದ್ದೆ! ಸೊಕ್ಕು ನೋಡು ಮುಂಡೇದಕ್ಕೆ!"

ಸೂಪರ್‌ವೈಸರ್ ಆ ತಾಯಿಯ ಕಿವಿಗೇ ಬಾಯಿಟ್ಟು ಕಿರುಚಿದ. ಅವಳ ಕೈ ನಿಲ್ಲಲಿಲ್ಲ. ಹಬೆಯಾಡುವ ಇಸ್ತ್ರಿ ಉರುಳೆಗೆ ಒದ್ದೆ ಹಾಸುಬಟ್ಟೆಯ ಮೂಲೆ ಹಿಡಿದು ಕೊಡುವಾಗ ಮನಸ್ಸು ಆ ಕಡೆ ಹೋದರೆ ಬೆರಳು ಈ ಕಡೆ ಹೋಗುತ್ತದೆ.

ಹೋಟೆಲುಗಳ ಮೈಲಿಗೆಯೆಲ್ಲ ಬಂದು ಬೀಳುವ ಆ ಲಾಂಡ್ರಿಯಲ್ಲಿ ಹನ್ನೊಂದು ಯಂತ್ರ, ಹದಿನಾರು ಹೆಂಗಸರು. ಗದ್ದಲದಲ್ಲಿ ತನ್ನ ಅಪ್ಪಣೆ ಯಾರಿಗೂ ಕೇಳುವುದಿಲ್ಲವೆಂದು ಅವನು ಕುತ್ತಿಗೆಗೆ ಸೀಟಿ ಕಟ್ಟಿಕೊಂಡಿದ್ದ. ಹೆಂಗಸರ ಬಾಯಲ್ಲಿ ಅವನು ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬರೀ 'ಸೀಟಿ'. ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳಲು ಅವರಿಗೆ ಊದುವ ಸೀಟಿಯೂ ಬೇಕಿರಲಿಲ್ಲ. ಸೊಸೆಯ ಮೇಲಿನ ದೂರು, ಸೊಂಟದ ನೋವು, ಗಂಡನ ಗೊರಕೆ ಎಲ್ಲವನ್ನೂ ಅವರು ಕೈಸನ್ನೆ, ತುಟಿಸನ್ನೆಯಲ್ಲೇ ಹಂಚಿಕೊಳ್ಳುತ್ತಿದ್ದರು. ಕೆನ್ನೆ ಉಬ್ಬಿಸಿದರೆ ಸೀಟಿ ಬಂದನೆಂದು ಅರ್ಥ.

ಆ ಭಾಷೆಯಲ್ಲಿ ಎಲ್ಲರನ್ನೂ ಮೀರಿಸಿದವಳು ಇಸ್ತ್ರಿ ಉರುಳೆಯ ಮುಂದಿನ ಆ ತಾಯಿಯ ನಾಲ್ಕು ವರ್ಷದ ಮಗಳು. ಕಡ್ಡಿಯಂಥ ಮೈ, ಚುಚ್ಚುವ ಬುದ್ಧಿ. ಹಾಗಾಗಿ ಹೆಸರು ಗುಂಡುಸೂಜಿ. ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲದೆ ಕೈಕೂಸಿನಿಂದಲೂ ಬಟ್ಟೆಗಂಟಿನ ಮೇಲೆ ಕೂತೇ ಬೆಳೆದವಳು. "ತುಟಿ ನೋಡಿಯೇ ಜಗಳಕ್ಕೆ ಬರ್ತಾಳೆ, ಘಾಟಿ!" ಎಂದು ಎಲ್ಲರೂ ಮುದ್ದಿಸುತ್ತಿದ್ದರು.

ಸೀಟಿ ಹೋಗಿ ಆ ಘಾಟಿಯ ಕಿವಿ ಹಿಂಡಿದ. ಮಗು ತಿರುಗಿ ನೋಡಿತು. ಸುತ್ತಲಿನವರಿಗೆ ಸುದ್ದಿ ಮುಟ್ಟಿಸಬೇಕಲ್ಲ! ಎರಡೂ ಕೆನ್ನೆ ಬಲೂನಿನಂತೆ ಉಬ್ಬಿಸಿತು. ಹೆಂಗಸರೆಲ್ಲ ನಗು ತಡೆಯಲಾರದೆ ಹಾಸುಬಟ್ಟೆಗಳಲ್ಲಿ ಮುಖ ಮುಚ್ಚಿಕೊಂಡರು.

"ಬಾಯೊಳಗಿನ ಅಂಗುಳ ಸೀಳ್ಕೊಂಡು ಹುಟ್ಟಿದ್ದು! ಕುಡಿದ ಹಾಲು ಮೂಗಲ್ಲಿ ಬರ್ತಿತ್ತು, ಈಗ ನನ್ನನ್ನೇ ಅಣಕಿಸುತ್ತೆ!" ಎಂದು ಗೊಣಗಿಕೊಂಡು ಸೀಟಿ ಹೊರಟುಹೋದ.

ಊಟದ ಹೊತ್ತಿಗೆ ಯಂತ್ರಗಳು ನಿಂತವು. ಗುಂಡುಸೂಜಿ ಗೋಡೆಗೆ ಮುಖಮಾಡಿ ಗುಂಡಿಗಳನ್ನು ಜೋಡಿಸುತ್ತಿದ್ದಳು. ಬಟ್ಟೆಗೆ ಗಂಜಿ ಹಾಕುವ ಮುದುಕಿ ಗಂಜಿಯಕ್ಕ ಹಿಂದಿನಿಂದ ಕರೆದಳು.

"ಗುಂಡುಸೂಜೀ, ಮಿಠಾಯಿ ಬೇಕೇನೇ?"

ತಲೆ ತಿರುಗಲಿಲ್ಲ.

"ಮಿಠಾಯಿ ಕಣೇ!"

ಇಲ್ಲ. ಮೂರನೇ ಸಲ ಗಂಟಲು ಹರಿಯುವಂತೆ ಕೂಗಿದಾಗ ಮಗು ತಿರುಗಿ ಕೈ ಚಾಚಿತು. ಗಂಜಿಯಕ್ಕನ ನಗು ಅರ್ಧಕ್ಕೇ ನಿಂತಿತು.

"ಸೀಟಿಗೆ ತಿರುಗದಿದ್ರೆ ಸೊಕ್ಕು ಅನ್ನಬಹುದು. ಮಿಠಾಯಿಗೂ ತಿರುಗದ ಮಗು ಇದೆಯೇನೇ? ನಾವು ಕೆಪ್ಪರ ಹಾಗೆ ಕೈಬಾಯಿ ಆಡಿಸ್ಕೊಂಡು ಇದನ್ನ ನಡುವೆ ಕೂರಿಸಿ, ಜಾಣೆ ಜಾಣೆ ಅಂದ್ವಲ್ಲ, ನಮ್ಮ ಬುದ್ಧಿಗಿಷ್ಟು!"

ತಾಯಿಯ ಕೈಯಲ್ಲಿದ್ದ ತುತ್ತು ಡಬ್ಬಿಗೇ ಮರಳಿತು. ಮಗುವಿನ ಸೀಳಿದ ಅಂಗುಳವನ್ನು ಆಸ್ಪತ್ರೆಯಲ್ಲಿ ಹೊಲಿಸಿದ ದಿನ ನರ್ಸು ಹೇಳಿದ್ದಳು: "ಅಂಗುಳದ ಹತ್ತಿರದಿಂದ ಕಿವಿಗೆ ಒಳಗೇ ಒಂದು ದಾರಿ ಇದೆ ಕಣಮ್ಮ. ಇಂಥ ಮಕ್ಕಳಿಗೆ ಹೊಲಿದ ಮೇಲೂ ಅದು ಸರಿಯಾಗಿ ತೆರ್ಕೊಳ್ಳಲ್ಲ, ಕಿವಿ ಪರದೆ ಹಿಂದೆ ಅಂಟುನೀರು ನಿಲ್ಲುತ್ತೆ. ಆಗಾಗ ತೋರಿಸ್ತಾ ಇರು." ಅವಳು ವಾರವಾರವೂ ಕಿವಿ ಬಗ್ಗಿಸಿ ನೋಡುತ್ತಿದ್ದಳು. ಸೋರಲಿಲ್ಲ, ನೋಯಲಿಲ್ಲ, ಸದ್ಯ, ಆ ತೊಂದರೆ ನಮಗೆ ಬಂದಿಲ್ಲ ಎಂದುಕೊಂಡಿದ್ದಳು. ಮಾತು ತಡವಾದದ್ದನ್ನೂ ಪಾಪದ ಅಂಗುಳದ ಮೇಲೇ ಹೊರಿಸಿದ್ದಳು. ಪರದೆಯ ಹಿಂದೆ ಸದ್ದಿಲ್ಲದೆ ನಿಂತ ನೀರು ಯಾವ ತಾಯಿಗೆ ಕಾಣುತ್ತದೆ?

"ಆಸ್ಪತ್ರೆಗೆ ಕಿವಿ ಡಾಕ್ಟ್ರು ತಿಂಗಳಿಗೊಂದೇ ಸಲ ಬರೋದು, ಅದೂ ನಾಳೆ," ಎಂದಳು ಗಂಜಿಯಕ್ಕ. "ಮಾತು ಕಲಿಯೋ ವಯಸ್ಸು ನಿನ್ನ ರಜಾ ಕಾಯ್ಕೊಂಡು ಕೂರುತ್ತೇನೇ?"

ಸೀಟಿ ತನ್ನ ಗಾಜಿನ ಕೋಣೆಯಲ್ಲಿ ಚಹಾ ಹೀರುತ್ತಿದ್ದ.

"ನಾಳೆ ಅರ್ಧ ದಿನ ರಜಾ ಬೇಕಿತ್ತು ಸ್ವಾಮಿ. ಮಗೂಗೆ ಕಿವಿ ಕೇಳಿಸ್ತಿಲ್ಲ."

ಅವನು ಕಿವಿಯ ಹಿಂದೆ ಅಂಗೈ ಹಿಡಿದ. "ಏನಂದೆ?"

ಅವಳು ಮತ್ತೆ ಹೇಳಿದಳು.

"ಆಂ? ನನಗೂ ಕೇಳಿಸ್ತಿಲ್ವಲ್ಲೇ!" ತನ್ನ ಹಾಸ್ಯಕ್ಕೆ ತಾನೇ ಕುಲುಕಿ ನಕ್ಕ. ಅವಳು ಮೂರನೇ ಸಲವೂ ಹೇಳಿದಳು. ಆಮೇಲೆ ಅವನ ನಗು ಆರಿತು. "ನಾಳೆ ಇನ್ನೂರು ಹಾಸುಬಟ್ಟೆ ಹೋಗ್ಬೇಕು. ಕಿವಿ ಎಲ್ಲಿಗೂ ಓಡಿಹೋಗಲ್ಲ. ಬರ್ಲಿಲ್ಲ ಅಂದ್ರೆ ನಾಳಿದ್ದೂ ಬರ್ಬೇಡ. ಬೇಕಿದ್ರೆ ಸಂಜೆ ಗೇಟಿನ ಹತ್ರ ಎಲ್ಲರ ಮುಂದೆ ಕಾಲು ಹಿಡ್ಕೊಂಡು ಕೇಳು, ಯೋಚಿಸ್ತೀನಿ."

ಸಂಜೆ ಅವನು ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಹಿಡಿಯುವವರಿಗೆ ಅನುಕೂಲವಾಗಲೆಂದೋ ಏನೋ, ಎರಡೂ ಕಾಲು ಮುಂದೆ ಚಾಚಿ ಕೂತಿದ್ದ. ಬೂಟಿಗೆ ಆಗತಾನೇ ಪಾಲಿಶ್ ಆಗಿತ್ತು. ಅವಳು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಆ ಕಾಲುಗಳನ್ನು ಬಳಸಿ ನಡೆದಳು.

"ಏಯ್! ಏನೋ ಕೇಳ್ಬೇಕಿತ್ತಲ್ಲ?"

"ಏನೂ ಇಲ್ಲ ಸ್ವಾಮಿ."

"ಹಾಗೆ ದಾರಿಗೆ ಬಾ! ನಾಳೆ ಏಳಕ್ಕೆ, ತಿಳೀತಾ?"

ಅವಳು ತಲೆ ಆಡಿಸಿದಳು.

ಗಂಜಿಯಕ್ಕ ಏದುಸಿರು ಬಿಡುತ್ತಾ ಹಿಂದೆ ಬಂದಳು. "ಏನ್ ಮಾಡ್ಬೇಕು ಅಂತಿದೀಯೇ?"

"ಮೊದಲು ಒಲೆ ಹಚ್ಬೇಕು ಅಕ್ಕ, ಹಸಿವಾಗಿದೆ," ಎಂದಳು ಅವಳು.

ಮನೆಗೆ ಬಂದವಳು ಆಸ್ಪತ್ರೆಯ ಹಳೇ ಚೀಟಿಯನ್ನು ಡಬ್ಬಿಯ ತಳದಿಂದ ಹುಡುಕಿ ತೆಗೆದು, ಮಗಳ ಒಳ್ಳೆಯ ಫ್ರಾಕಿನ ಜೇಬಿಗೆ ತುರುಕಿದಳು. ಆಸ್ಪತ್ರೆಯ ಬಾಗಿಲು ತೆರೆಯುವುದೂ ಏಳಕ್ಕೇ. ಸಾಲಿನಲ್ಲಿ ಮೊದಲು ನಿಲ್ಲಬೇಕಾದರೆ ಆರಕ್ಕೆಲ್ಲ ಹೊರಡಬೇಕು.