ಚಂದ್ರಭಾಗಾಳಿಗೆ ಎಷ್ಟು ಕಲಿಸಬೇಕು?

ಸೋಲಾಪುರದ ಬಟ್ಟೆ ವ್ಯಾಪಾರಿ ಶಾಂತಪ್ಪನ ಮಗಳು ಚಂದ್ರಭಾಗಾಳಿಗೆ ಐದು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಬೇಕಾದದ್ದು ಸಿಗದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಇಂಥ ಮಕ್ಕಳು ನಮ್ಮ ಓಣಿಯಲ್ಲೂ ಇದ್ದಾರೆ. ಬಂದವರ ಕಣ್ಣಿಗೆ ಬೀಳದಂತೆ ಒಳಮನೆಯಲ್ಲಿ ಕೂಡಿಸಿಟ್ಟಿರುತ್ತೇವೆ, ಅಷ್ಟೆ.

೧೯೭೬ರ ಬೇಸಿಗೆಯಲ್ಲಿ ತಾಯಿ ಕಸ್ತೂರಬಾಯಿ ಹಟ ಹಿಡಿದು ಮಗಳನ್ನು ಡಾಕ್ಟರ್ ಕಲ್ಯಾಣಪ್ಪನವರ ದವಾಖಾನೆಗೆ ಕರೆದೊಯ್ದಳು. ಅವರು ಮಕ್ಕಳ ಮನಸ್ಸಿನ ಡಾಕ್ಟರು. ಇದಕ್ಕೆ ಗುಳಿಗೆಯಿಲ್ಲ, ವರ್ತನಾ ಚಿಕಿತ್ಸೆ ಇದೆ ಎಂದರು. ಅಂದರೆ, ಕಲಿಸಬೇಕಾದ್ದನ್ನು ಸಣ್ಣಸಣ್ಣದಾಗಿ ಒಡೆದು ಕಲಿಸುವುದು. ಕೂಸು ಅಷ್ಟು ಮಾಡಿದ ಕೂಡಲೇ ಅದಕ್ಕೆ ಖುಷಿಯಾಗುವಂಥದ್ದೇನಾದರೂ ಕೊಡುವುದು. ದಿನಾ ಸ್ವಲ್ಪ ಹೊತ್ತು ಮನೆಯಲ್ಲೇ ಮಾಡಿಸಿ, ತಿಂಗಳಿಗೊಮ್ಮೆ ಕರೆತಂದು ತೋರಿಸಿ ಎಂದು ಕಳಿಸಿದರು.

ಮಳೆಗಾಲ ಬರುವಷ್ಟರಲ್ಲಿ ಚಂದ್ರಭಾಗಾ ನೀರಿನ ಕೊಡದ ಕಡೆ ಕೈ ತೋರಿಸಿ "ನೀರ" ಎಂದಳು.

ಶಾಂತಪ್ಪನಿಗೆ ಆಸೆ ಹೆಚ್ಚಿತು. "ಇಷ್ಟ ಮಾಡಿದ್ದಕ್ಕ ಒಂದ ಮಾತು ಬಂತಂದ್ರ, ದಿನಾಪೂರ್ತಿ ಮಾಡ್ಸಿದ್ರ ದೀಪಾವಳಿಯೊಳಗ ಸಾಲಿಗಿ ಹೋಗ್ತಾಳ," ಎಂದ. ಡಾಕ್ಟರನ್ನು ಒಂದು ಮಾತೂ ಕೇಳಲಿಲ್ಲ, ತಿಂಗಳಿಗೊಮ್ಮೆ ತೋರಿಸುವುದನ್ನೂ ನಿಲ್ಲಿಸಿದ. ಮನೆಪಾಠ ಹೇಳುವ ಬಂಡೆಪ್ಪ ಮಾಸ್ತರನನ್ನು ಗೊತ್ತು ಮಾಡಿಬಿಟ್ಟ. ಬೆಳಿಗ್ಗೆ ಎದ್ದಾಗಿನಿಂದ ದೀಪ ಹಚ್ಚುವವರೆಗೆ ಪಾಠ. ಕೂಸಿಗೆ ಆಟವಿಲ್ಲ, ಅಂಗಳವಿಲ್ಲ. ಅದರ ನಿದ್ದೆ ಹೋಯಿತು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳತೊಡಗಿತು. ಮಾಸ್ತರನ ಚಪ್ಪಲಿ ಸದ್ದು ಕೇಳಿದರೆ ಬಟ್ಟೆಯ ಗಂಟುಗಳ ಹಿಂದೆ ಅಡಗುತ್ತಿತ್ತು. ಕಸ್ತೂರಬಾಯಿ ಹೇಳಿದರೆ ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಮ್ಮೆ ಅವಳು ಅಕ್ಕಲಕೋಟದ ಬಂಧುಗಳ ಮದುವೆಗೆ ಹೋಗಿ ಮರುದಿನ ಮಧ್ಯಾಹ್ನ ಮರಳಿದಳು. ಪಡಸಾಲೆಯಲ್ಲಿ ಮಾಸ್ತರ ಊಟದ ತಾಟು ಎತ್ತಿ ಹಿಡಿದು ಕುಳಿತಿದ್ದ. ಎದುರಿಗೆ ಚಂದ್ರಭಾಗಾ ಅತ್ತು ಅತ್ತು ದನಿ ಬಿದ್ದು ಕುಳಿತಿದ್ದಳು.

"ಏನ್ ನಡಿಸೀರಿ ಮಾಸ್ತರ?"

"'ರೊಟ್ಟಿ' ಅನ್ನೂತನಕ ಕೊಡೂದಿಲ್ರಿ ಬಾಯಿ. ಮುಂಜಾನಿಂದ ಏನೂ ಕೊಟ್ಟಿಲ್ಲ. ಹೊಟ್ಟಿ ಹಸಿದ್ರನ ಬಾಯಿ ಬಿಡ್ತಾಳ."

ಕಸ್ತೂರಬಾಯಿ ತಾಟು ಕಸಿದುಕೊಂಡಳು. ರೊಟ್ಟಿ ಮುರಿದು ಮಗಳ ಕೈಗಿಟ್ಟಳು. "ಏಳ್ರಿ. ಈ ಮನಿ ಹೊಸ್ತಿಲ ಮತ್ತ ತುಳೀಬ್ಯಾಡ್ರಿ. ನಾಯಿಗಿ ಸುದ್ಧಾ ಹಿಂಗ ಮಾಡೂದಿಲ್ಲ ಮಂದಿ."

ಸಂಜೆ ಶಾಂತಪ್ಪ ಸಮಜಾಯಿಷಿ ಕೊಡಲು ಬಂದ. "ಆಕಿ ಛಲೋದಕ್ಕನ ಮಾಡ್ಸಾಕತ್ತಿದ್ನಿ."

"ನಿಮಗ ಮಗಳ ಮಾತು ಬೇಕಾಗ್ಯಾವ, ಮಗಳು ಬ್ಯಾಡಾಗ್ಯಾಳ," ಎಂದಳು ಕಸ್ತೂರಬಾಯಿ. ಮರುದಿನವೇ ಕೂಸನ್ನು ಕಟ್ಟಿಕೊಂಡು ಮಂದ್ರೂಪದ ಬಸ್ಸು ಹತ್ತಿದಳು. ಅದು ಅವಳ ತವರೂರು.

ಅಲ್ಲಿ ಅಣ್ಣ ಸಾಯಬಣ್ಣನದು ಬೇರೆಯೇ ಮಾತು. "ದೇವರು ಹೆಂಗ ಕೊಟ್ಟಾನ ಹಂಗ ಇರ್ಲಿ ಬಿಡ ತಂಗಿ. ಏನೂ ಕಲಿಸೂದ ಬ್ಯಾಡ." ಮನೆಮಂದಿಯೆಲ್ಲ ಕೂಸು ಕೇಳುವ ಮೊದಲೇ ಎಲ್ಲವನ್ನೂ ಕೈಗೆ ಕೊಟ್ಟರು. ಚಂದ್ರಭಾಗಾ ಚೆನ್ನಾಗಿ ಉಂಡಳು, ಮಲಗಿದಳು, ಕೈ ಕಚ್ಚಿಕೊಳ್ಳುವುದನ್ನು ಬಿಟ್ಟಳು. ಆದರೆ ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ದಿನ ಬಾಯಾರಿ ಕೊಡದ ಮುಂದೆ ನಿಂತು ಚೀರತೊಡಗಿದಳು. "ನೀರ" ಎನ್ನುವುದು ಬಾಯಿಗೆ ಬರಲಿಲ್ಲ. ತಲೆಯನ್ನು ಮತ್ತೆ ಗೋಡೆಗೆ ಚಚ್ಚಿಕೊಂಡಳು.

ಕಸ್ತೂರಬಾಯಿ ಅಣ್ಣನ ಮೇಲೆ ಹರಿಹಾಯ್ದಳು. "ಅಲ್ಲಿ ಅತೀ ಮಾಡಿ ಕೆಡಿಸಿದ್ರು, ಇಲ್ಲಿ ಏನೂ ಮಾಡದ ಕೆಡಿಸಿದ್ವಿ. ಇದ್ದದ್ದೊಂದ ಮಾತೂ ಹೋತಲ್ಲ ಅಣ್ಣಾ."

ಅವಳು ಸೋಲಾಪುರಕ್ಕೆ ಮರಳಿ ಗಂಡನನ್ನೂ ದವಾಖಾನೆಗೆ ಕರೆಸಿಕೊಂಡಳು. ನಡೆದದ್ದನ್ನೆಲ್ಲ ಕೇಳಿದ ಡಾಕ್ಟರ ಮುಖ ಕೆಂಪಾಯಿತು.

"ಶಾಂತಪ್ಪ, ಕೂಸಿನ ಊಟ ಕಸಗೊಂಡು ಕಲಿಸ್ರಿ ಅಂತ ನಾ ಯಾವಾಗ ಹೇಳಿದ್ದೆ?"

"ಜಾಸ್ತಿ ಮಾಡಿದ್ರ ಜಲ್ದಿ ಆಗ್ತದ ಅಂತ ತಿಳಕೊಂಡಿದ್ದೆ ಸಾಹೇಬ್ರ."

"ಬಾಟ್ಲಿ ಔಷಧ ಪೂರಾ ಒಮ್ಮಿಗೇ ಕುಡಿಸಿದ್ರ ಜ್ವರ ಜಲ್ದಿ ಇಳೀತದೇನು?"

ಕಸ್ತೂರಬಾಯಿ ಡಾಕ್ಟರನ್ನೂ ಬಿಡಲಿಲ್ಲ. "ನೀವರೆ ಬಿಡಿಸಿ ಎಲ್ಲಿ ಹೇಳಿದ್ರಿ ಡಾಕ್ಟರ? ಎಷ್ಟ ಮಾಡ್ಬೇಕು, ಈಗರೆ ಹೇಳ್ರಿ."

ಡಾಕ್ಟರು ತಪ್ಪು ಒಪ್ಪಿಕೊಂಡರು. "ಖರೆ ತಾಯಿ, ಹೇಳಬೇಕಾಗಿತ್ತು. ಎಲ್ಲಾ ಮಕ್ಕಳಿಗಿ ಒಂದ ಅಳತಿ ಇಲ್ಲ. ಒಬ್ಬರಿಗಿ ಜಾಸ್ತಿ ಬೇಕು, ಒಬ್ಬರಿಗಿ ಕಡಿಮಿ. ನಿಮ್ಮ ಕೂಸಿನ್ನ ನೋಡ್ರಿ. ಹೊಟ್ಟಿ ತುಂಬ ಉಣ್ತಾಳೇನು, ನಿದ್ದಿ ಮಾಡ್ತಾಳೇನು? ಕಲಿಸಾಕ ಕುಂತ್ರ ತಾನಾಗಿ ಬರ್ತಾಳೋ, ಅಂಜಿ ಓಡ್ತಾಳೋ? ಪಾಠದಾಗ ಕಲ್ತದ್ದು ಅಡಗಿಮನ್ಯಾಗ, ಅಂಗಳದಾಗ ಬಳಸ್ತಾಳೇನು? ಇಷ್ಟು ನೋಡಿ ಬಂದು ನನಗ ಹೇಳ್ರಿ. ಅದರ ಮ್ಯಾಲ ತಿಂಗಳಾ ತಿಂಗಳಾ ಹೆಚ್ಚು ಕಡಿಮಿ ಮಾಡೂಣು. ಆಡಾಕ, ಸುಮ್ನ ಕೂಡಾಕ ಆಕಿಗಿ ವ್ಯಾಳ್ಯಾ ಉಳೀಬೇಕು. ಊಟಕ್ಕ ಮಾತ್ರ ಯಾವ ಷರತ್ತೂ ಇಲ್ಲ."

ಅಂದಿನಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ತಾಯಿ, ಸಂಜೆ ಸ್ವಲ್ಪ ಹೊತ್ತು ಅಂಗಡಿಯಿಂದ ಬಂದ ತಂದೆ ಕಲಿಸತೊಡಗಿದರು. ಕಲಿತದ್ದಕ್ಕೆ ಬಣ್ಣದ ಬಟ್ಟೆಯ ತುಂಡುಗಳು. ಅವನ್ನು ಗಾಳಿಗೆ ಹಿಡಿದು ನೋಡುವುದೆಂದರೆ ಚಂದ್ರಭಾಗಾಳಿಗೆ ಬಲು ಇಷ್ಟ. ಕಳೆದುಹೋದ ಮಾತು ಮರಳಿತು, ನಿಧಾನವಾಗಿ ಇನ್ನಷ್ಟು ಮಾತುಗಳು ಬಂದವು. ಮುಂದಿನ ವರ್ಷದ ದೀಪಾವಳಿಯೂ ಬಂತು, ಹೋಯಿತು. ಅವಳು ಶಾಲೆಗೆ ಹೋಗಲಿಲ್ಲ. ಆದರೆ ತಲೆ ಚಚ್ಚಿಕೊಳ್ಳುವುದು ಅಪರೂಪವಾಯಿತು.

ಒಂದು ಸಂಜೆ ಶಾಂತಪ್ಪ ಮಗಳಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸುತ್ತಿದ್ದ. ಎರಡು ಗುಂಡಿ ಹಾಕಿದ ಚಂದ್ರಭಾಗಾ ಅವನ ಕೈ ದೂಡಿ, "ಸಾಕು" ಎಂದಳು. ಆ ಮಾತನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಶಾಂತಪ್ಪನಿಗೆ ಇನ್ನೊಂದು ಹಾಕಿಸುವ ಆಸೆ. ಆದರೂ ಅಂಗಿಯನ್ನು ಮಡಚಿ ಕೆಳಗಿಟ್ಟ.

"ಆತವ್ವ. ಸಾಕು."

ಚಂದ್ರಭಾಗಾ ಅಂಗಳಕ್ಕೆ ಓಡಿದಳು.

ಇದನ್ನು ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಇಂಥ ಕೂಸಿದ್ದರೆ ಬಚ್ಚಿಡಬೇಡಿ. ಬಲ್ಲ ಡಾಕ್ಟರಲ್ಲಿಗೆ ಒಯ್ಯಿರಿ. ಎಷ್ಟು ಕಲಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಬಾಯಿಬಿಟ್ಟು ಕೇಳಿ. ನೆರೆಯವರ ಕೂಸಿನ ಅಳತೆಯನ್ನು ನಿಮ್ಮ ಕೂಸಿಗೆ ಹಾಕಬೇಡಿ. ಕಲಿಸುವ ಹೆಸರಿನಲ್ಲಿ ಯಾರಾದರೂ ಅದರ ಅನ್ನಕ್ಕೆ, ನಿದ್ದೆಗೆ, ಆಟಕ್ಕೆ ಕೈ ಹಾಕಿದರೆ ಸುಮ್ಮನಿರಬೇಡಿ, ಸಿಟ್ಟಾಗಿ. ಮಾತು ಬಾರದ ಕೂಸಿನ ಪರವಾಗಿ ಮಾತಾಡಬೇಕಾದವರು ನೀವೇ.