ಆಚೆ ಬದಿಯಿಂದ ಹತ್ತುವವರು

"ಹಂದಿಗಳೂ ಹಳಿ ಪಕ್ಕ ಓಡಾಡ್ತವೆ ಕಣೋ. ಅವನ್ನೂ ಎಣಿಸ್ತೀಯೇನೋ ನೀನು?"

ವೆಂಕಟಾಚಲ ಸಾಹೇಬರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಹಾಲಪ್ಪ ತಲೆ ತಗ್ಗಿಸಿದ. ಅವನ ಅಂಗೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು. ಗಾಡಿ ಹತ್ತುವವರನ್ನು ನೋಡುತ್ತ ಹೆಬ್ಬೆರಳಿಂದ ಒತ್ತಿದರೆ ಟಿಕ್ ಎಂದು ಒಂದೊಂದೇ ಅಂಕಿ ಏರುತ್ತಿತ್ತು.

"ಅಲ್ರೀ ಸಾಹೇಬ್ರ, ಆ ಕಡಿಂದ ಭಾಳ ಮಂದಿ ಹತ್ತತಾರ್ರಿ..."

"ಆ ಕಡೆ ಪ್ಲಾಟ್‌ಫಾರಂ ಇದೆಯಾ?"

"ಇಲ್ರಿ."

"ಮತ್ತೆ? ಪ್ಲಾಟ್‌ಫಾರಂ ಮೇಲೆ ನಿಂತೋನು ಪ್ರಯಾಣಿಕ. ಫಾರಂನಲ್ಲಿ ಹಾಗೇ ಬರೆದಿದೆ. ನಮ್ಮ ಕಡೆಯೋನು ಅಂತ ಕರ್ಕೊಂಡ್ರೆ ನಂಗೇ ಬುದ್ಧಿ ಹೇಳ್ತಾನೆ!"

ಸೂರತ್‌ಗೆ ಹೋಗುವಾಗ ಸಚಿನ್ ಎಂಬ ಸ್ಟೇಷನ್ನಿಗೆ ಮೊದಲು ಸಿಗುವ ಪುಟ್ಟ ಹಾಲ್ಟು ಅದು. ಯಾದಗಿರಿ ಕಡೆಯಿಂದ ಹಳಿ ಕೆಲಸಕ್ಕೆಂದು ಬಂದವರ ಗುಡಿಸಲುಗಳು ಹಾಲ್ಟಿನ ಹಿಂದೆಯೇ ಉಳಿದುಕೊಂಡಿದ್ದವು. ಗಂಡಸರು ಗುತ್ತಿಗೆದಾರನ ಗ್ಯಾಂಗಿನಲ್ಲಿ ಹಳಿ ಕಾಯುತ್ತಿದ್ದರು. ಹೆಂಗಸರು ಊರ ಹಳಪತಿ ಎಂಬ ಆದಿವಾಸಿ ಹೆಂಗಸರ ಜೊತೆ ಕಿಶೋರ್‌ಭಾಯಿಯ ಹೊಲದಲ್ಲಿ ಪಾಪ್ಡಿ ಬಿಡಿಸುತ್ತಿದ್ದರು. ಪಾಪ್ಡಿ ಎಂದರೆ ಸೂರತ್ತಿನವರು ಜೀವ ಬಿಡುವ ಎಳೆ ಅವರೆ. ಕೂಲಿಯ ಜೊತೆ ಸಿಗುವ ಪಾಲನ್ನು ಬುಟ್ಟಿಗೆ ತುಂಬಿ, ಏಳೂ ಹತ್ತರ ಲೋಕಲ್ ಹಿಡಿದು ಎಂಟರೊಳಗೆ ಸೂರತ್ ಮುಟ್ಟಿಸಿದರೆ ಮನೆಯ ಒಲೆ ಉರಿಯುತ್ತಿತ್ತು.

ಹಾಲಪ್ಪನ ಅಕ್ಕ ಗಿರಿಜಮ್ಮನೂ ಆ ಹೆಂಗಸರಲ್ಲಿ ಒಬ್ಬಳು. ಎರಡು ವರ್ಷದ ಹಿಂದೆ ಪ್ಲಾಟ್‌ಫಾರಮ್ಮಿನ ಮೇಲೆ ಅವಳ ಬುಟ್ಟಿಯ ನೀರು ಒಬ್ಬ ತಿಂಗಳ ಪಾಸಿನವನ ಬೂಟಿಗೆ ತಾಗಿತ್ತು. ಅವನು ಬುಟ್ಟಿಯನ್ನು ಹಳಿಗೆ ಒದ್ದಿದ್ದ. ಗಿರಿಜಮ್ಮ ಕೆಳಗಿಳಿದು ಕಾಯಿ ಆಯುವಷ್ಟರಲ್ಲಿ ಗಾಡಿ ಬಂತು. ಅವಳು ಆಚೆ ದಾಟಿ, ಎರಡು ಜೋಡಿ ಹಳಿಗಳ ನಡುವಿನ ಜಲ್ಲಿಯ ಮೇಲಿಂದಲೇ ಹತ್ತಿಬಿಟ್ಟಳು. ಮರುದಿನದಿಂದ ಬುಟ್ಟಿಯವರೆಲ್ಲ ಅಲ್ಲಿಂದಲೇ ಹತ್ತತೊಡಗಿದರು. ಟಿಕೆಟ್ಟಿನ ಕಿಟಕಿ ಪ್ಲಾಟ್‌ಫಾರಮ್ಮಿನ ಮೇಲಿತ್ತು. ಗಾಡಿಯೊಳಗೆ ಟಿಕೆಟ್ ಕೇಳಲು ಬಂದವನಿಗೆ ಒಂದು ಬೊಗಸೆ ಪಾಪ್ಡಿ ಕೊಟ್ಟರೆ ಅವನೂ ಸುಮ್ಮನಾಗುತ್ತಿದ್ದ.

ಹೋದ ಮಳೆಗಾಲದಲ್ಲಿ ಹಳಿಯಡಿ ಹಾಸುವ ಸ್ಲೀಪರ್ ಕಲ್ಲು ಬಿದ್ದು ಹಾಲಪ್ಪನ ಎಡಗಾಲು ಜಜ್ಜಿಹೋಗಿತ್ತು. ಗ್ಯಾಂಗಿನವರು ಅವನನ್ನು ಕೈಬಿಟ್ಟರು. ಅಂದಿನಿಂದ ಅಕ್ಕನ ರೊಟ್ಟಿಯೇ ಅವನ ಊಟ. ಅಂಥ ಹೊತ್ತಿನಲ್ಲಿ ರೈಲ್ವೆಗಾಗಿ ಪ್ರಯಾಣಿಕರನ್ನು ಎಣಿಸುವ ಸರ್ವೆ ಕಂಪನಿಯ ವೆಂಕಟಾಚಲ ಸಾಹೇಬರು ಸಿಕ್ಕಿದ್ದರು. ಹದಿನಾಲ್ಕು ದಿನ ಎಣಿಸಿದರೆ ವಡೋದರಾದ ಕಂಪನಿ ಗೋದಾಮಿನಲ್ಲಿ ಕೂತು ಮಾಡುವ ಕಾವಲು ಕೆಲಸ ಎಂದಿದ್ದರು. ಅಕ್ಕನಿಗೆ ಅವನು ವಡೋದರಾ ಸಾಹೇಬನ ಕೆಲಸ ಎಂದಷ್ಟೇ ಹೇಳಿದ್ದ.

ಹದಿನಾಲ್ಕು ದಿನವೂ ಅವನು ಹಳಿಗೆ ಬೆನ್ನು ಹಾಕಿ, ಪ್ಲಾಟ್‌ಫಾರಮ್ಮಿನ ಕಡೆಗೇ ಮುಖ ಮಾಡಿ ಅದರ ಅಂಚಿನಲ್ಲಿ ನಿಂತ. ಬೆನ್ನ ಹಿಂದೆ, ಗಾಡಿಯಾಚೆ, ಜಲ್ಲಿ ಸದ್ದಾಗುತ್ತಿತ್ತು. "ಹಿಡೀಬೇ, ಬುಟ್ಟಿ ಹಿಡಿ, ಕೈ ಜಾರ್ತದ" ಎನ್ನುವ ಅಕ್ಕನ ದನಿ ಕೇಳುತ್ತಿತ್ತು. ಅವನು ತಿರುಗಲಿಲ್ಲ.

ಹಾಳೆ ಒಪ್ಪಿಸಲು ವಡೋದರಾದ ಸಾಹೇಬರ ಮನೆಗೆ ಹೋದ. ಅವರ ಹೆಂಡತಿ ಸುಮಿತ್ರಾ ಗಂಡನಿಗೆ ಸ್ಟೀಲಿನ ಲೋಟದಲ್ಲಿ ಕಾಫಿ ತಂದರು. ಬಾಗಿಲ ಹೊರಗೆ ನಿಂತಿದ್ದ ಅವನಿಗೆ ಕಾಗದದ ಕಪ್ಪು ಕೊಟ್ಟು, "ಕುಡಿದು ಕೆಳಗಡೆ ಡಬ್ಬಕ್ಕೆ ಹಾಕ್ಬಿಡಪ್ಪ, ಇಲ್ಲಿ ಇಡಬೇಡ" ಅಂದರು.

"ಸಾಹೇಬ್ರ, ಆ ಹೆಣ್ಮಕ್ಕಳ್ದು ಒಂದು ಸಾಲು ಬರೀರಿ. ನಲವತ್ತರ ಮ್ಯಾಲ ಅದಾರ."

"ಅಹಮದಾಬಾದಿಗೆ ಹೋಗೋ ದೊಡ್ಡ ಗಾಡಿಗಳಿಗೆ ಒಂದೊಂದು ನಿಮಿಷಾನೂ ಬೇಕು. ನಿನ್ನ ಹಾಲ್ಟಲ್ಲಿ ಲೋಕಲ್ ನಿಂತ್ರೆ ಹಿಂದಿನದೆಲ್ಲ ಕಾಯ್ಬೇಕು. ಹಾಕು ಸಹಿ."

ಏಳನೆಯ ಇಯತ್ತೆ ಓದಿದ ಹಾಲಪ್ಪ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದ.

ತಿಂಗಳು ಕಳೆದ ಮೇಲೆ ಹಾಲ್ಟಿನ ಗೋಡೆಗೆ ಒಂದು ಹಿಂದಿ ಕಾಗದ ಅಂಟಿಸಿದರು. ಗಿರಿಜಮ್ಮ ತಮ್ಮನನ್ನು ತೋಳು ಹಿಡಿದು ಎಳೆದು ತಂದಳು.

"ಓದೋ. ಏನ್ ಬರದಾರ?"

"ಒಂದನೇ ತಾರೀಖಿನಿಂದ ಗಾಡಿ ನಿಂದ್ರಂಗಿಲ್ಲಂತ. ದಿನಕ್ಕ ಹನ್ನೊಂದೇ ಮಂದಿ ಹತ್ತತಾರಂತ."

"ಹನ್ನೊಂದು? ಯಾವ ಕುರ್ಡ ಬೋಳಿಮಗ ಎಣಿಸ್ಯಾನಲೇ ಇದನ್ನ? ಅವ್ನ ಕಣ್ಣಾಗ ಹಳಿ ಜಲ್ಲಿ ಬೀಳ್ಲಿ!"

ಹೆಂಗಸರು ಗೊಳ್ಳೆಂದು ನಕ್ಕರು. ಹಾಲಪ್ಪನೂ ನಗಲು ನೋಡಿದ.

ಒಂದನೇ ತಾರೀಖು ಬೆಳಿಗ್ಗೆ ಏಳೂ ಹತ್ತಕ್ಕೆ ಗಾಡಿ ಬಂತು, ಹೋಯಿತು. ಅದರ ಗಾಳಿಗೆ ಹೆಂಗಸರ ಸೆರಗು ಮುಖಕ್ಕೆ ಬಡಿಯಿತು. ಕೆಳಗೆ ರಸ್ತೆಯಲ್ಲಿ ಕಿಶೋರ್‌ಭಾಯಿಯ ಟೆಂಪೊ ಆಗಲೇ ನಿಂತಿತ್ತು. ಆಟೋದವರು ಬುಟ್ಟಿ ಹತ್ತಿಸಿಕೊಳ್ಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಇಲ್ಲಿಗೇ ಸುರೀರಿ ಬೆಹನ್," ಎಂದು ಹಿಂದಿಯಲ್ಲಿ ಕೂಗಿದ. "ನಾನು ಹೇಳಿದ್ದೇ ರೇಟು. ಬೇಡ ಅಂದ್ರೆ ಮನೆಗೆ ಒಯ್ಯಿರಿ, ಸಂಜೆಗೆ ಎಮ್ಮೆನೂ ಮೂಸಲ್ಲ."

ಒಬ್ಬೊಬ್ಬರೇ ಹೋಗಿ ಸುರಿದರು. ಗಿರಿಜಮ್ಮನೂ ಸುರಿದಳು. ಖಾಲಿ ಬುಟ್ಟಿಯನ್ನು ಎತ್ತಿಕೊಳ್ಳದೆ ಸುಮ್ಮನೆ ನಿಂತಿದ್ದಳು. ಹಾಲಪ್ಪ ಹತ್ತಿರ ಹೋದ.

"ಅಕ್ಕಾ, ಎಣಿಸಿದಾವ ನಾನ."

ಅವಳು ಬುಟ್ಟಿಯಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ವಡೋದರಾ ಸಾಹೇಬನ ಕೆಲಸ ಅಂದಿದ್ದಿಯಲ್ಲ, ಅದು ಇದ ಏನು?"

"ಹೂಂ."

"ನನ್ನೂ ಎಣಿಸದ ಬಿಟ್ಟಿಯೇನು?"

"ಹೂಂ ಅಕ್ಕಾ."

"ಹದಿನಾಲ್ಕು ದಿನ?"

"ಹದಿನಾಲ್ಕು ದಿನ."

"ಸಂಜಿಗಿ ಬಂದು ನನ್ನ ರೊಟ್ಟಿ ತಿಂತಿದ್ದಿ."

ಒಂದೇಟು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವಳು ಹೊಡೆಯಲಿಲ್ಲ. ಅಂದು ಸಂಜೆ ಅವನ ತಾಟನ್ನು ಗುಡಿಸಲಿನ ಹೊರಗಿಟ್ಟಿದ್ದಳು, ರೊಟ್ಟಿಯ ಮೇಲೆ ಅರಿವೆ ಮುಚ್ಚಿ. ಅವನು ಅದನ್ನು ಮುಟ್ಟಲಿಲ್ಲ. ಗೋದಾಮಿನ ಕೆಲಸಕ್ಕೆ ಬಾ ಎಂದು ಫೋನು ಬಂತು. ಅದನ್ನೂ ಎತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಗಸರು ಟೆಂಪೊ ಕಡೆ ಹೋಗಲಿಲ್ಲ. ಬುಟ್ಟಿ ಸಮೇತ ಬಂದು ಹಳಿಯ ಮೇಲೆ ಸಾಲಾಗಿ ಕೂತರು, ಯಾದಗಿರಿಯವರು, ಹಳಪತಿಗಳು, ಎಲ್ಲರೂ. ಒಬ್ಬಳು ಕೂಸಿಗೆ ಹಾಲೂಡಿಸುತ್ತಿದ್ದಳು.

"ಇವತ್ತ ನಿಂದರ್ತದೋ ಇಲ್ಲೋ ನೋಡೇ ಬಿಡೋಣು," ಅಂದಳು ಗಿರಿಜಮ್ಮ. ಹಾಲಪ್ಪ ಬಂದು ಸಾಲಿನ ಕೊನೆಯಲ್ಲಿ ಕೂರಲು ಬಗ್ಗಿದಾಗ, ಪಕ್ಕದಲ್ಲಿದ್ದವಳು ಬುಟ್ಟಿ ಸರಿಸಿ ಆ ಜಾಗ ಮುಚ್ಚಿದಳು.

ಅವನು ನಿಂತೇ ತಿರುವಿನ ಕಡೆ ನೋಡಿದ. ಹನ್ನೊಂದು ವರ್ಷ ಈ ಹಳಿಯನ್ನೇ ಕಾದವನು. ತಿರುವು ಇಲ್ಲಿಂದ ಎಂಟು ವಿದ್ಯುತ್ ಕಂಬಗಳಷ್ಟು ದೂರ. ನಿಲ್ಲುವ ಗಾಡಿಗೆ ಅಷ್ಟು ಸಾಕಿತ್ತು. ನಿಲ್ಲದೆ ಹೋಗುವ ಗಾಡಿಗೆ, ಆ ಓಟದಲ್ಲಿ ಬ್ರೇಕ್ ಹಾಕಿದರೂ ಹದಿನೈದು ಕಂಬ ಬೇಕು. ತಿರುವು ದಾಟುವ ತನಕ ಡ್ರೈವರನಿಗೆ ಇವರು ಕಾಣುವುದಿಲ್ಲ.

"ಅಕ್ಕಾ, ಏಳ್ರಿ. ತಿರುವಿನಾಚೆಯಿಂದ ನೀವು ಡ್ರೈವರಂಗ ಕಾಣಂಗಿಲ್ಲ."

"ನಾವು ನಿನಗ ಯಾವಾಗ ಕಂಡೀವಿ? ಹೋಗಲೇ."

ಹಾಲಪ್ಪ ಗುಡಿಸಲಿಗೆ ಹೋಗಿ ಸೂರಿನಲ್ಲಿ ಸಿಕ್ಕಿಸಿದ್ದ ಗ್ಯಾಂಗಿನ ಕೆಂಪು ಬಾವುಟ ಎಳೆದುಕೊಂಡ. ತಿರುವಿನಾಚೆಯೇ ಅದನ್ನು ಬೀಸಿ ಗಾಡಿ ನಿಲ್ಲಿಸಬೇಕೆಂದು ಜಲ್ಲಿಯ ಮೇಲೆ ಕುಂಟುತ್ತ ಆ ಕಡೆ ನಡೆದ.

"ನೋಡ್ರೇ, ಹೇಡಿ ಓಡ್ಲಿಕತ್ತಾನ!" ಯಾರೋ ಕೂಗಿದರು. ಒಂದು ಜಲ್ಲಿಕಲ್ಲು ಬಂದು ಅವನ ಬೆನ್ನಿಗೆ ಬಿತ್ತು.

ಅವನು ತಿರುಗಲಿಲ್ಲ. ಮೂರನೆಯ ಕಂಬ ದಾಟಿದ. ಎಡಗಾಲು ಊರಿದಾಗಲೆಲ್ಲ ಕಣ್ಣು ಕತ್ತಲಾಗುತ್ತಿತ್ತು. ತಿರುವಿಗೆ ಇನ್ನೂ ಮೂರು ಕಂಬ ಇರುವಾಗ, ಐದನೆಯ ಕಂಬದ ಬಳಿ ಬಗ್ಗಿ ಹಳಿಗೆ ಅಂಗೈ ಇಟ್ಟ.

ಕಬ್ಬಿಣ ಸಣ್ಣಗೆ ನಡುಗುತ್ತಿತ್ತು.