ನಡುತೋಪಿನ ಹೊಂಗೆ

ಜಗಲಿಯ ಮೇಲೆ ಹೊಂಗೆಕಾಯಿಯ ಎರಡು ರಾಶಿ ಇದ್ದವು. ಮಾಯಮ್ಮ ತನ್ನ ಮುಂದಿನ ರಾಶಿಯಿಂದ ಒಂದೊಂದೇ ಕಾಯಿ ತೆಗೆದು, ಚಪ್ಪಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಗುಂಡುಕಲ್ಲಿನಿಂದ ಕುಟ್ಟುತ್ತಿದ್ದಳು. ಸಿಪ್ಪೆ ಬಾಯಿಬಿಟ್ಟರೆ ಕೆಂಪು ಬೀಜ ಮೊರಕ್ಕೆ, ಸಿಪ್ಪೆ ಒಲೆಗೆಂದು ಕುಕ್ಕೆಗೆ. ಎದುರಿಗೆ ಕೂತ ವಾರಗಿತ್ತಿ ಮೀನಾ ಕೂಡ ಅದನ್ನೇ ಮಾಡುತ್ತಿದ್ದಳು. ಮಾಯಮ್ಮನ ರಾಶಿ ಬೇಗ ಮುಗಿಯಿತು. ಮೀನಾಳದು ಇನ್ನೂ ಮೊಣಕಾಲೆತ್ತರ ಉಳಿದಿತ್ತು. ಮೀನಾ ತನ್ನ ರಾಶಿಯಿಂದ ಒಂದಿಷ್ಟನ್ನು ಅಂಗೈಯಲ್ಲಿ ಗೋರಿ ಇತ್ತ ತಳ್ಳಿದಳು. ಮಾಯಮ್ಮ ಅದನ್ನು ಕಾಣದವಳಂತೆ ಎದ್ದು, ಸೆರಗು ಕೊಡವಿ, ಒಳಗೆ ಹೋದಳು.

ಆ ದೊಡ್ಡ ರಾಶಿ ನಡುತೋಪಿನ ಹೊಂಗೆಯದು. ಸಣ್ಣದು ಮೋರಿ ಪಕ್ಕದ ಹೊಂಗೆಯದು.

ಹುಣಸೂರು ಪೇಟೆ ಬೆಳೆಯುತ್ತ ಬೆಳೆಯುತ್ತ ಬಂದು ಆ ಗುಂಡುತೋಪನ್ನು ಮೂರು ಕಡೆಯಿಂದ ತಬ್ಬಿಕೊಂಡಿತ್ತು. ಒಂದು ಕಡೆ ಟಾರು ರಸ್ತೆ, ಒಂದು ಕಡೆ ಮರ ಕೊಯ್ಯುವ ಮಿಲ್ಲು, ಇನ್ನೊಂದು ಕಡೆ ಹೊಸ ಬಡಾವಣೆ. ನಾಲ್ಕನೆಯ ಕಡೆಗೆ ತೋಪಿನಬೀದಿ. ಈ ಬೀದಿಗೆ ಸೊಸೆಯಾಗಿ ಬಂದವಳಿಗೆ ಮೊದಲ ಶುಕ್ರವಾರ ಅತ್ತೆ ಮರ ತೋರಿಸಬೇಕು. ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ತೋಪಿಗೆ ಕರೆದೊಯ್ದು ಒಂದು ಮರಕ್ಕೆ ಹಚ್ಚಿಸಿ, ಇದು ನಿಂದು ಅನ್ನಬೇಕು. ಅಲ್ಲಿಂದ ಮುಂದೆ ಅದರ ಬುಡ ಗುಡಿಸುವವಳು ಅವಳು, ಅದರ ಕಾಯಿ ಆಯುವವಳು ಅವಳು. ಮಗು ಆದರೆ ಅದರ ಕೊಂಬೆಗೇ ಸೀರೆ ಕಟ್ಟಿ ತೂಗುವುದು. ಹಿಪ್ಪೆ, ನೇರಳೆ, ಹೊಂಗೆ, ಮೂರು ಹಳೇ ಮಾವು, ಎಲ್ಲಕ್ಕೂ ಒಬ್ಬೊಬ್ಬಳ ಹೆಸರಿತ್ತು. ಕಾಗದದಲ್ಲಿ ಮಾತ್ರ ಇರಲಿಲ್ಲ.

ಮಾಯಮ್ಮ ಕಟ್ಟೆಮಳಲವಾಡಿಯಿಂದ ಬಂದವಳು. ಅವಳ ಅತ್ತೆ ಸೋಮಮ್ಮ ಅವಳನ್ನು ನಡುತೋಪಿನ ದೊಡ್ಡ ಹೊಂಗೆಯನ್ನು ದಾಟಿಸಿ, ಇನ್ನೂ ಮುಂದೆ, ಮೋರಿ ಪಕ್ಕಕ್ಕೆ ಕರೆದೊಯ್ದಿದ್ದಳು. ಅಲ್ಲಿ ಎಲೆಯೆಲ್ಲ ಗಂಟುಗಂಟಾಗಿ, ಸೊಂಟ ಬಾಗಿದ ಒಂದು ಮರ. ದೊಡ್ಡ ಹೊಂಗೆ ಸೋಮಮ್ಮನದೇ. ಆಮೇಲೆ ಸೋಮಮ್ಮನ ಮಂಡಿ ಕೈಕೊಟ್ಟಿತು. ಏಳು ವರ್ಷ ಆ ದೊಡ್ಡ ಮರದ ಬುಡ ಗುಡಿಸಿದವಳು ಮಾಯಮ್ಮ. ಇಂದಲ್ಲ ನಾಳೆ ಇದು ನಿನಗೇ ಎಂದು ಅತ್ತೆ ಹೇಳಿರಲಿಲ್ಲ. ಮಾಯಮ್ಮ ಕೇಳಿಯೂ ಇರಲಿಲ್ಲ. ಕೇಳುವ ಜಾಯಮಾನ ಅವಳದಲ್ಲ.

ಎರಡು ವರ್ಷದ ಹಿಂದೆ ಮೈದುನನ ಹೆಂಡತಿಯಾಗಿ ಮಿರ್ಲೆಯಿಂದ ಮೀನಾ ಬಂದಳು. ಎಸ್ಸೆಸ್ಸೆಲ್ಸಿ ಪಾಸು. ಆ ಶುಕ್ರವಾರ ಸೋಮಮ್ಮ ಕುಂಟಿಕೊಂಡೇ ಹೊರಟು ನಡುತೋಪಿನಲ್ಲಿ ನಿಂತುಬಿಟ್ಟಳು. "ನಂಗಿನ್ನ ಆಗಾಕಿಲ್ಲ. ಇನ್ಮೇಲೆ ಇದು ನಿಂದು ಕಣವ್ವ" ಅಂದಳು ಮೀನಾಳಿಗೆ. ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ ನಿಂತಿದ್ದವಳು ಮಾಯಮ್ಮ. ತಟ್ಟೆ ಅಲುಗದ ಹಾಗೆ ನೋಡಿಕೊಂಡಳು.

ಅವತ್ತಿನಿಂದ ಅವಳ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಅತ್ತೆ ದಿನಕ್ಕೆ ಎಷ್ಟು ಸಲ ಮೀನಾ ಅನ್ನುತ್ತಾಳೆ, ಎಷ್ಟು ಸಲ ಮಾಯಮ್ಮ ಅನ್ನುತ್ತಾಳೆ. ಕಾಫಿ ಲೋಟ ಮೊದಲು ಯಾರ ಕೈಗೆ ಹೋಗುತ್ತದೆ. ಮೀನಾ ತಲೆಗೂದಲು ಒಣಗಿಸಲು ಕೂತರೆ ಅತ್ತೆ ಬಿಸಿಲು ಬಿಟ್ಟು ಪಕ್ಕಕ್ಕೆ ಸರಿಯುತ್ತಾಳೋ ಇಲ್ಲವೋ. ಒಂದು ರಾತ್ರಿ ಗಂಡ ಶಿವಣ್ಣನ ಹತ್ತಿರ ಬಾಯಿಬಿಟ್ಟಳು. ಅವನು ಮಿಲ್ಲಿನಲ್ಲಿ ದಿನವಿಡೀ ದಿಮ್ಮಿ ಉರುಳಿಸಿ ಬಂದವನು.

"ಮರ ಯಾರ್ದಾದ್ರೇನ್ಲೇ, ಬೀಜ ಎಲ್ಲಾ ಒಂದೇ ಮೊರಕ್ಕೆ ತಾನೆ ಬೀಳಾದು?" ಅಂದು ಮಗ್ಗುಲಾದ.

ತೋಪು ಕಡಿದು ನಲವತ್ತು ಅಂಗಡಿಯ ಕಾಂಪ್ಲೆಕ್ಸು, ಮೇಲೊಂದು ಕಲ್ಯಾಣ ಮಂಟಪ ಕಟ್ಟುತ್ತಾರೆಂದು ರಸ್ತೆಬದಿಗೆ ಬೋರ್ಡು ಬಿದ್ದದ್ದು ಈ ವರ್ಷದ ಸಂಕ್ರಾಂತಿ ಕಳೆದ ಮೇಲೆ. ಬೀದಿಯ ಹೆಂಗಸರು ಮೊದಲ ದಿನವೇ ಬೋರ್ಡಿನ ಮುಂದೆ ಹೋಗಿ ಕೂತರು. ಪೇಪರಿನವರು ಬಂದು ಫೋಟೊ ಹಿಡಿದರು. ಮರುದಿನ ಪೇಪರಿನಲ್ಲಿ ಮೀನಾ ನಟ್ಟನಡುವೆ ಕೈಯೆತ್ತಿ ನಿಂತಿದ್ದಳು. ಸೋಮಮ್ಮ ಆ ತುಂಡನ್ನು ಕತ್ತರಿಸಿ ಅನ್ನದ ಅಗುಳಿನಿಂದ ದೇವರ ಪಟದ ಪಕ್ಕಕ್ಕೆ ಅಂಟಿಸಿದಳು. ಅದರ ಅಂಚಿನಲ್ಲಿ ಒಂದು ಮೊಣಕೈ, ಎರಡು ಬಳೆ ಕಾಣುತ್ತಿದ್ದವು. ಅದು ಮಾಯಮ್ಮನದು ಎಂದು ಗೊತ್ತಿದ್ದದ್ದು ಮಾಯಮ್ಮನಿಗೆ ಮಾತ್ರ.

ಬೀದಿಯ ಪರವಾಗಿ ಅರ್ಜಿ ಬರೆಯುತ್ತಿದ್ದವನು ರಿಟೈರಾದ ಪೋಸ್ಟ್‌ಮ್ಯಾನ್ ಚೆಲುವಯ್ಯ. ಶಿವರಾತ್ರಿಯ ಹಿಂದುಮುಂದು ಅವನು ಎಲ್ಲರನ್ನೂ ಮಾವಿನ ಮರದ ಕೆಳಗೆ ಸೇರಿಸಿದ.

"ಸೋಮವಾರ ಮೈಸೂರಿಂದ ಫಾರೆಸ್ಟ್ ಸಾಹೇಬ್ರು ಜಾಗ ನೋಡಾಕೆ ಬತ್ತಾವ್ರೆ. ಐವತ್ತು ಮರಕ್ಕಿಂತ ಜಾಸ್ತಿ ಇದ್ರೆ ಕಡಿಯಾಕೆ ಅವ್ರು ಒಪ್ಪಾಕಿಲ್ವಂತೆ. ಕಂತ್ರಾಟಿನೋರು ಕೊಟ್ಟಿರೋ ಪಟ್ಟೀಲಿ ಇಪ್ಪತ್ತೆಂಟೇ ಮರ. ಮಿಕ್ಕಿದ್ದೆಲ್ಲ ಪೊದೆಯಂತೆ."

"ಪೊದೆ ಅವ್ರ ತಲೆ ಮೇಲೈತೆ" ಅಂದಳು ಪಕ್ಕದ ಮನೆಯ ಲಕ್ಕವ್ವ. ಎಲ್ಲರೂ ನಕ್ಕರು.

"ನಗಬೇಡಿ. ನಮ್ಮ ತೋಪಲ್ಲಿ ಎಪ್ಪತ್ತೊಂದು ಮರ ಅವೆ. ಒಂದೊಂದು ಮರದ ಕೆಳಗೆ ಒಬ್ಬೊಬ್ರು ನಿಂತ್ಕಳಿ. ಮರ ಕಾಣ್ದೋರಿಗೆ ನೀವಾದ್ರೂ ಕಾಣ್ತೀರಿ. ಸಾಹೇಬ್ರು ಅತ್ರ ಬಂದಾಗ ನಿಮ್ ನಿಮ್ ನಂಬರ್ ಕೂಗಿ."

"ನಮ್ ಮರದ ಕೆಳಗೆ ನಾವು ತಾನೆ?"

"ಅದೇ, ಆ ಮಾತೇ ಅಲ್ಲಿ ಬರಕೂಡ್ದು ಕಣವ್ವ. ನಮ್ ಮರ ಅಂತ ಒಬ್ರು ಬಾಯಿಬಿಟ್ರೂ ಮುಗೀತು. ಸರ್ಕಾರಿ ಜಾಗ ಒಳಾಕ್ಕಂಡವ್ರೆ, ಬೀಜದ ಆಸೆಗೆ ಬಡ್ಕತಾವ್ರೆ ಅಂತ ಬರ್ಕಂಡು ಓಯ್ತಾರೆ. ಯಾರ ಮರ ಅಂದ್ರೆ ಊರ ಮರ ಅನ್ನಿ. ಅಷ್ಟೇಯ."

"ಅವ್ರ ಜೊತೇಲಿ ಮಾತಾಡೋರು ಯಾರು?" ಎಂದು ಯಾರೋ ಕೇಳಿದರು.

"ನಮ್ ಮೀನಾ ಅವ್ಳಲ್ಲ ಬುಡಿ" ಅಂದಳು ಸೋಮಮ್ಮ.

ನಮ್ ಮೀನಾ. ಮಾಯಮ್ಮ ಆ ಎರಡು ಮಾತನ್ನು ಹೊತ್ತುಕೊಂಡು ಮನೆಗೆ ಬಂದಳು.

ಸಂಜೆ ಮೀನಾ ನೋಟುಬುಕ್ಕು ಹಿಡಿದು ಒಲೆಯ ಪಕ್ಕಕ್ಕೆ ಬಂದು ಕೂತಳು. "ಅಕ್ಕ, ಮರಗಳ ಗುರ್ತು ನಿಮಗಿದ್ದಂಗೆ ಬೀದೀಲಿ ಯಾರಿಗೂ ಇಲ್ಲ. ಒಂದೊಂದಾಗಿ ಯೋಳಿ, ಬರ್ಕತೀನಿ."

ಮಾಯಮ್ಮ ರೊಟ್ಟಿ ತಟ್ಟುತ್ತಲೇ ಹೇಳಿದಳು. ರಸ್ತೆ ಕಡೆಯಿಂದ ಮೊದಲನೇದು ನೇರಳೆ, ಬುಡದಲ್ಲಿ ಹುತ್ತ. ಇಪ್ಪತ್ತನೇದು ಹೊಂಗೆ, ಜೋಡಿ ಕಾಂಡ. ಮೂವತ್ತೆರಡನೇದು ಹಿಪ್ಪೆ, ಸಿಡಿಲು ಹೊಡೆದು ಒಂದು ಕೊಂಬೆ ಹೋಗಿದೆ. ಕಣ್ಣು ಮುಚ್ಚಿದರೆ ಅವಳಿಗೆ ತೋಪೆಲ್ಲ ಕಾಣುತ್ತಿತ್ತು. ಮೀನಾಳ ಅಕ್ಷರ ಪೋಣಿಸಿದ ಹಾಗೆ ಒಂದೇ ಸಾಲಿನಲ್ಲಿ ಓಡುತ್ತಿತ್ತು. ತನ್ನ ಬಾಯಿಂದ ಬಿದ್ದದ್ದು ಆ ಪುಟದಲ್ಲಿ ಮೀನಾಳದಾಗುತ್ತಿರುವುದನ್ನು ಮಾಯಮ್ಮ ನೋಡಿದಳು. ಮೂವತ್ತನಾಲ್ಕನೆಯದಕ್ಕೆ ಬಂದಾಗ ರೊಟ್ಟಿ ತಟ್ಟುವ ಅವಳ ಕೈ ನಿಂತಿತು.

"ಅದು ಗೊತ್ತು ಬುಡಿ, ನಡುತೋಪಿಂದು" ಅಂದು ಮೀನಾ ತಾನೇ ಬರೆದುಕೊಂಡಳು.

ರೊಟ್ಟಿಯ ಒಂದು ಮಗ್ಗುಲು ಸೀದುಹೋಯಿತು.

ಸೋಮವಾರ ಬೀದಿಯ ಹೆಂಗಸರೆಲ್ಲ ಒಗೆದ ಸೀರೆಯುಟ್ಟು ಮರಗಳ ಕೆಳಗೆ ನಿಂತರು. ಸೊಸೆಯಂದಿರು ಸಾಲದ ಕಡೆ ಮುದುಕಿಯರು, ಸ್ಕೂಲಿಗೆ ಚಕ್ಕರ್ ಹಾಕಿದ ಹುಡುಗಿಯರು. ಮಾಯಮ್ಮನ ಮರ ಕೊನೆಯದು, ಎಪ್ಪತ್ತೊಂದು. ಮೋರಿಯ ವಾಸನೆಗೆ ಮೂಗಿಗೆ ಸೆರಗು ಹಿಡಿದು ನಿಂತಳು. ಅಲ್ಲಿಂದ ನಡುತೋಪು ಚೆನ್ನಾಗಿಯೇ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು.

ಸಾಹೇಬರು ರಸ್ತೆ ಕಡೆಯಿಂದ ಬಂದರು. ಜೊತೆಗೆ ಗುಮಾಸ್ತ, ಪಕ್ಕದಲ್ಲಿ ಬಿಳೀ ಪ್ಯಾಂಟಿನ ಕಂತ್ರಾಟುದಾರನ ಕಡೆಯವನು. ಒಂದು, ಎರಡು, ಮೂರು ಎಂದು ಹೆಂಗಸರ ದನಿ ಮರದಿಂದ ಮರಕ್ಕೆ ದಾಟುತ್ತ ಬಂತು. ಇಪ್ಪತ್ತೊಂಬತ್ತು ಎಂದು ಒಬ್ಬ ಮುದುಕಿ ಬೊಚ್ಚುಬಾಯಲ್ಲಿ ಕೂಗಿದಾಗ ಸಾಹೇಬರು ನಿಂತು, ಕೈಯಲ್ಲಿದ್ದ ಪಟ್ಟಿ ನೋಡಿ, ಬಿಳೀ ಪ್ಯಾಂಟಿನವನ ಮುಖ ನೋಡಿದರು. "ಏನ್ರೀ, ಇಪ್ಪತ್ತೆಂಟು ದಾಟಿತಲ್ಲ?" ಅವನು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಮಾಯಮ್ಮನೂ ನಕ್ಕಳು.

ಮೂವತ್ತನಾಲ್ಕನೆಯ ಮರದ ನೆರಳಿನಲ್ಲಿ ಕುರ್ಚಿ ಹಾಕಿ ಎಳನೀರು ಕೊಟ್ಟರು. ಮೀನಾ ನೋಟುಬುಕ್ಕು ತೆರೆದು ಓದತೊಡಗಿದಳು. ನೇರಳೆ, ಬುಡದಲ್ಲಿ ಹುತ್ತ. ಹೊಂಗೆ, ಜೋಡಿ ಕಾಂಡ. ಹಿಪ್ಪೆ, ಸಿಡಿಲು ಹೊಡೆದದ್ದು.

"ಭೇಷ್!" ಅಂದರು ಸಾಹೇಬರು. "ಇಷ್ಟೆಲ್ಲ ಗುರುತು ಹಾಕಿಕೊಂಡವರು ನೀವೇನಾ?"

ಮೀನಾ ಬಾಯಿ ತೆರೆಯುವಷ್ಟರಲ್ಲಿ ಬೇರಿನ ಮೇಲೆ ಕೂತಿದ್ದ ಸೋಮಮ್ಮ ಹೇಳಿದಳು: "ನಮ್ ಮೀನಾನೇ ಸಾಮಿ. ಓದ್ದೋಳು."

"ಈ ಮರ ಬಹಳ ಚೆನ್ನಾಗಿದೆ. ಯಾರದ್ದು?"

"ಊರ ಮರ ಸಾರ್. ಯಾರ್ದೂ ಅಲ್ಲ, ಎಲ್ಲಾರ್ದೂ" ಅಂದಳು ಮೀನಾ, ಹೇಳಿಕೊಟ್ಟ ಹಾಗೇ. ಅನ್ನುತ್ತ ಅಂಗೈಯನ್ನು ಕಾಂಡದ ಮೇಲೆ ಇಟ್ಟಳು. ಸುಮ್ಮನೆ, ಆಸರೆಗೆ ಇಟ್ಟ ಕೈ.

ಆ ಕೈಯನ್ನು ಮಾಯಮ್ಮ ನೋಡಿದಳು. ಆಮೇಲೆ ತನ್ನ ಕಾಲು ನಡೆಯುತ್ತಿರುವುದು ಅವಳಿಗೆ ತಿಳಿಯಿತು. ದಾರಿಯ ಮರಗಳ ಕೆಳಗಿದ್ದವರು "ಎಲ್ಲೋಯ್ತಿಯೇ, ನಿನ್ ಮರದತ್ರ ನಿಂತ್ಕಳೇ" ಅಂದರೂ ನಿಲ್ಲಲಿಲ್ಲ. ಸಾಹೇಬರ ಮುಂದೆ ನಿಂತಳು.

"ನಂದು" ಅಂದಳು.

"ಏನಮ್ಮ?"

"ಮರ ನಂದು. ಏಳು ವರ್ಸ ಗುಡಿಸ್ದೋಳು ನಾನು. ಕಾಯಿ ಆಯ್ದೋಳು ನಾನು. ಅವ್ಳು ಬಂದು ಇನ್ನೂ ಎರಡು ವರ್ಸ." ಅಷ್ಟು ಜನರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು. ದನಿ ಗಟ್ಟಿಯಾಗಿಯೇ ಬಂದಿತ್ತು.

ಚೆಲುವಯ್ಯ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ಸಾರ್, ಆಯಮ್ಮಂಗೆ ಒಸಿ ಹುಸಾರಿಲ್ಲ..."

ಬಿಳೀ ಪ್ಯಾಂಟಿನವನು ಕರ್ಚೀಫು ಜೇಬಿಗೆ ಇಟ್ಟು ಮುಂದೆ ಬಂದ. ಬಲು ಮೆತ್ತಗೆ ಕೇಳಿದ: "ಇರಲಿ ತಾಯಿ. ಇದು ನಿಮ್ಮದಾದ್ರೆ ಆ ಪಕ್ಕದ್ದು ಯಾರದ್ದು?"

ಪಕ್ಕದ್ದು ಲಕ್ಕವ್ವನ ಹಿಪ್ಪೆ. ಎಲ್ಲಿ ಮಾಯಮ್ಮ ಅದನ್ನೂ ತನ್ನದು ಅಂದುಬಿಡುತ್ತಾಳೋ ಎಂದು ಲಕ್ಕವ್ವ ಎರಡೂ ಕೈಯಲ್ಲಿ ಮರ ತಬ್ಬಿಕೊಂಡಳು. "ಇದು ನಂದು ಕಣ್ರೀ! ನಮ್ಮತ್ತೆ ತೋರ್ಸಿದ್ದು. ಲೇ ಮಾಯಿ, ಇದ್ರ ಮ್ಯಾಲೂ ಕಣ್ ಹಾಕ್ಬುಟ್ಟೀಯ!"

"ಅಂಗಾದ್ರೆ ಇದೂ ನಂದೇ, ಬರ್ಕಳಿ" ಅಂದಳು ಅದರಾಚೆಯವಳು.

"ನಿಂದೆಂಗಾದಾತೇ? ನಮ್ಮವ್ವನ ಕೈಲಿ ಕಿತ್ಕಂಡೋಳು ನೀನು!"

ತೋಪಿನ ಆ ತುದಿಯವರೆಗೂ ನಂದು, ನಂದು ಎಂಬ ಕೂಗು ಹಬ್ಬಿತು. ಸಂಖ್ಯೆ ಕೂಗುವುದು ಎಲ್ಲರಿಗೂ ಮರೆತುಹೋಗಿತ್ತು. ಸಾಹೇಬರು ಎಳನೀರಿನ ಬುರುಡೆ ಕೆಳಗಿಟ್ಟು ಗುಮಾಸ್ತನಿಗೆ ಬರೆಸಿದರು. ಸ್ಥಳದಲ್ಲಿದ್ದ ಮಹಿಳೆಯರು ಸರ್ಕಾರಿ ಮರಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಫಸಲು ಅನುಭವಿಸುತ್ತಿರುವುದು ಕಂಡುಬಂದಿದೆ. ಎಣಿಕೆಗೆ ದೊರೆತ ಮರಗಳು ಮೂವತ್ತನಾಲ್ಕು. ಜೀಪಿನ ಹಿಂದೆ ಚೆಲುವಯ್ಯ ಟಾರು ರಸ್ತೆಯವರೆಗೂ ಓಡಿದ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಸೋಮಮ್ಮ ಮಾಯಮ್ಮನ ಹೆಸರನ್ನೇ ಬಿಟ್ಟುಬಿಟ್ಟಳು, ಕಾಫಿ ಬೇಕಾದರೆ ಗೋಡೆಗೆ ಹೇಳುತ್ತಿದ್ದಳು. ಮೂರನೆಯ ದಿನ ಹಿತ್ತಿಲಲ್ಲಿ ಮೀನಾ ಎದುರಾಗಿ, "ಕೇಳಿದ್ರೆ ಕೊಡ್ತಿದ್ದೆ ಅಕ್ಕ" ಅಂದು ಬಿಂದಿಗೆ ಎತ್ತಿಕೊಂಡು ಹೋದಳು. ಮಾಯಮ್ಮನಿಗೆ ಅಳು ಬಂತು. ಅಷ್ಟು ದೊಡ್ಡ ಮರವನ್ನು ಅಷ್ಟು ಸುಲಭವಾಗಿ ಕೊಡುತ್ತಿದ್ದೆ ಅನ್ನಲು ಅವಳಿಗೆ ಬರುತ್ತದಲ್ಲ ಎಂದು ಆ ಅಳುವಿನಲ್ಲೂ ಹೊಟ್ಟೆ ಉರಿಯಿತು.

ಯುಗಾದಿಗೆ ಮೊದಲೇ ಕಡಿಯಲು ಅಪ್ಪಣೆ ಬಂತು. ಎಣಿಸದೆ ಉಳಿದ ಕಡೆಯಿಂದ, ಅಂದರೆ ಮೋರಿ ಪಕ್ಕದಿಂದ ಗರಗಸ ಶುರುವಾಯಿತು. ಮೊದಲು ಬಿದ್ದದ್ದು ಸೊಂಟ ಬಾಗಿದ ಆ ಹೊಂಗೆ. ಅಡಿಗೆಮನೆಯಲ್ಲಿದ್ದ ಮಾಯಮ್ಮನಿಗೆ ಸದ್ದು ಕೇಳಿತು, ಯಾವ ಮರವೆಂದೂ ಗೊತ್ತಾಯಿತು. ಹೋಗಿ ನೋಡಲಿಲ್ಲ. ಎರಡು ದಿನದಲ್ಲಿ ಹದಿನಾಲ್ಕು ಮರ ಹೋದವು. ಮೂರನೆಯ ದಿನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಉಳಿದ ಮರಗಳ ಬುಡದಲ್ಲಿ ಮಲಗಿಬಿಟ್ಟರು. ಪೊಲೀಸರು ಬಂದು, ಸೋಮವಾರದವರೆಗೆ ಕೆಲಸ ನಿಲ್ಲಿಸಿರುತ್ತಾರೆ, ಅಷ್ಟರೊಳಗೆ ನೀವು ಮೈಸೂರಿಗೆ ಹೋಗಿ ಡೀಸಿ ಸಾಹೇಬರಿಗೆ ಹೇಳಿಕೊಳ್ಳಿ ಅಂದರು.

ಶುಕ್ರವಾರ ಬೆಳಿಗ್ಗೆ ಬೀದಿಯ ಬಾಯಿಗೆ ಮೆಟಡಾರು ಬಂದು ನಿಂತಿತು. ಸೋಮಮ್ಮನನ್ನು ಎತ್ತಿ ಡ್ರೈವರಿನ ಪಕ್ಕ ಕೂರಿಸಿದರು. ಹಿಂದೆ ಹೆಂಗಸರು ಒಬ್ಬರ ಮಂಡಿಗೆ ಒಬ್ಬರು ತಾಗಿ ಕೂತರು. ಮೀನಾ ಹೊಸ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಚೆಲುವಯ್ಯ ಹಿಂಬಾಗಿಲ ಚಿಲಕ ಹಾಕಲು ಕೈಯೆತ್ತಿದ.

ಮಾಯಮ್ಮ ಒಗೆದ ಸೀರೆಯುಟ್ಟು ಬಂದಿದ್ದಳು. ಉಳಿದ ಐವತ್ತೇಳು ಮರಗಳ ಗುರುತೂ ಅವಳ ತಲೆಯಲ್ಲಿತ್ತು. ಅವಳು ಹಿಂಬಾಗಿಲಿನ ಕಂಬಿ ಹಿಡಿದಳು. ಒಳಗೆ ಲಕ್ಕವ್ವ ಕಾಲು ಇನ್ನಷ್ಟು ಚಾಚಿಕೊಂಡಳು. ಮೀನಾ ತಲೆಯೆತ್ತಿ ಒಮ್ಮೆ ನೋಡಿ ಕಾಗದದ ಅಂಚು ಸರಿಮಾಡಿಕೊಂಡಳು. ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡುತ್ತ ಕಾಯುತ್ತಿದ್ದ.

"ಒಸಿ ಸರ್ಕಳ್ರವ್ವ" ಅಂದಳು ಮಾಯಮ್ಮ. "ನಾನೂ ಬತ್ತೀನಿ."